ಬೇರಿನ ಗಂಟು ಬಿಡಿಸುವ ಸೂಕ್ಷ್ಮಾಣುಗಳು

ಎರಡು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮರುವಾರ, ಊರಿಗೆ ಹೋಗಿದ್ದೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ನಮ್ಮ ಪಾಲಿಗೆ ಬಂದ ಮೂರು ಎಕರೆ ಮಸಾರಿ ಭೂಮಿಯನ್ನು ಈಗ ನೋಡಿಕೊಳ್ಳುತ್ತಿರುವವನು ಅಣ್ಣನ ಮಗ. ಅದರಲ್ಲಿ ಹತ್ತು ಗುಂಟೆಗೆ ನೆರಳು ಪರದೆ ಕಟ್ಟಿ, ಬೀಜೋತ್ಪಾದನೆಗಾಗಿ ಟೊಮೆಟೊ ಬೆಳೆಯುತ್ತಾನೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವನು ನನ್ನನ್ನು ಪರದೆಯ ಒಳಗೆ ಕರೆದೊಯ್ದ. ಗಿಡಗಳು ಹಸಿರಾಗಿಯೇ ಇದ್ದವು. ಆದರೆ ನಡುವಿನ ನಾಲ್ಕಾರು ಸಾಲುಗಳು ತಲೆ ಜೋತು ಹಾಕಿ ನಿಂತಿದ್ದವು.

‘ಕಾಕಾ, ನೀರ ಕಡಿಮಿ ಮಾಡಿಲ್ರಿ. ಮುಂಜಾನಿ ಬಂದು ನೋಡಿದರ ಗಿಡ ನೆಟ್ಟಗ ನಿಂತಿರ್ತಾವು, ಹನ್ನೆರಡಕ್ಕ ಹಿಂಗ ತಲಿ ಹಾಕ್ತಾವು, ಸಂಜಿಕ ಮತ್ತ ಏಳ್ತಾವು’ ಎಂದ. ಗೊಬ್ಬರದಂಗಡಿಯವರು ಹೇಳಿದಂತೆ ಎರಡು ಸಲ ಕಾರ್ಬೆಂಡಾಜಿಮ್ ಬುಡಕ್ಕೆ ಸುರಿದಿದ್ದನಂತೆ. ಒಂದು ಗಿಡ ಕಿತ್ತು ತೋರಿಸು ಎಂದೆ. ಕಿತ್ತ. ಮಣ್ಣು ಕೊಡವಿದಾಗ ಕಂಡದ್ದು ಬೇರಲ್ಲ, ಹಸಿಶುಂಠಿಯ ಗೆಡ್ಡೆಗಳನ್ನು ದಾರಕ್ಕೆ ಪೋಣಿಸಿದಂಥ ಒಂದು ಗೊಂಚಲು. ನಾನು ಕೃಷಿ ವಿಜ್ಞಾನಿಯಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರದ ಕಡತಗಳ ನಡುವೆ ಕಳೆದವನು. ಆದರೂ ಬೇರುಗಂಟು ಜಂತುಹುಳುವಿನ ಚಿತ್ರಗಳನ್ನು ತರಬೇತಿ ಕೈಪಿಡಿಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಈ ಹತ್ತು ಗುಂಟೆಯ ಮಹತ್ವ ಬೆಂಗಳೂರಿನ ಓದುಗರಿಗೆ ಸುಲಭವಾಗಿ ತಿಳಿಯಲಾರದು. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ರಾಣೆಬೆನ್ನೂರು ಸೀಮೆ ತರಕಾರಿಯ ಹೈಬ್ರಿಡ್ ಬೀಜಗಳಿಗೆ ದೇಶದಾದ್ಯಂತ ಹೆಸರಾದದ್ದು. ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಸೌತೆ, ಹಾಗಲ ಹೀಗೆ ಹಲವು ಬೆಳೆಗಳ ಬೀಜ ಇಲ್ಲಿನ ಸಣ್ಣ ಹಿಡುವಳಿಗಳಲ್ಲಿ ತಯಾರಾಗುತ್ತದೆ. ಹೆಣ್ಣುಮಕ್ಕಳು ಸಂಜೆ ಹೊತ್ತು ಮೊಗ್ಗುಗಳಿಂದ ಗಂಡುಕೇಸರವನ್ನು ಚಿಮಟದಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಕೊಯ್ಲಿನ ಕಾಲದಲ್ಲಿ ಹಣ್ಣು ತುಳಿದು, ರಸ ಹುಳಿಬರಿಸಿ, ಬೀಜ ತೊಳೆದು ತೆಗೆಯುವಾಗ ಹೊಲದ ಬದುವೆಲ್ಲ ಹುಳಿವಾಸನೆ ಹೊಡೆಯುತ್ತದೆ. ಹಣ್ಣಿಗೆ ಬೆಲೆಯಿಲ್ಲ, ಬೀಜಕ್ಕಷ್ಟೇ ಬೆಲೆ. ಕಂಪನಿ ತಾಯಿ-ತಂದೆ ಬೀಜ ಕೊಡುತ್ತದೆ, ಕಿಲೋಗೆ ಇಷ್ಟೆಂದು ದರ ಕಟ್ಟುತ್ತದೆ. ಮೊಳಕೆ ಮತ್ತು ಶುದ್ಧತೆಯ ಪರೀಕ್ಷೆ ಪಾಸಾದ ಮೇಲೆ, ತಿಂಗಳುಗಳ ನಂತರ, ಹಣ. ಅಷ್ಟರಲ್ಲಿ ಕೂಲಿ ವಾರವಾರ ಕೊಡಬೇಕು, ಪರದೆಯ ಸಾಲದ ಕಂತು ಕಾಲಕಾಲಕ್ಕೆ ಕಟ್ಟಬೇಕು. ಅಂದರೆ, ಗಿಡ ಮಧ್ಯದಲ್ಲಿ ಸೊರಗಿದರೆ ರೈತ ಕಳೆದುಕೊಳ್ಳುವುದು ಬೆಳೆಯೊಂದನ್ನೇ ಅಲ್ಲ, ಆಗಲೇ ಖರ್ಚಾಗಿಹೋದ ನೂರಾರು ದಿನಗಳ ಕೂಲಿಯನ್ನೂ.

ಸಮಸ್ಯೆಯ ಮೂಲವೂ ಇದೇ ಲೆಕ್ಕದಲ್ಲಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ನಮ್ಮ ತಂದೆಯ ಕಾಲದಲ್ಲಿ ಒಂದು ವರ್ಷ ಜೋಳ ಬಿತ್ತಿದಲ್ಲಿ ಮರುವರ್ಷ ಶೇಂಗಾ, ಅದರ ಮರುವರ್ಷ ಮೆಣಸಿನಗಿಡ. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಡುತ್ತಿತ್ತು. ಈಗ ಪರದೆ ಕಟ್ಟಿದ ನೆಲದಲ್ಲಿ ಟೊಮೆಟೊ ಮುಗಿದರೆ ಸೌತೆ, ಸೌತೆ ಮುಗಿದರೆ ಮೆಣಸಿನಕಾಯಿ, ಮತ್ತೆ ಟೊಮೆಟೊ. ಎಲ್ಲವೂ ಈ ಹುಳುವಿಗೆ ಪ್ರಿಯವಾದ ಬೆಳೆಗಳೇ. ಹನಿ ನೀರಾವರಿಯಿಂದ ನೆಲ ವರ್ಷವಿಡೀ ತೇವ. ಲಕ್ಷಾಂತರ ರೂಪಾಯಿಯ ಪರದೆಯೊಳಗೆ ಜೋಳ ಬಿತ್ತು ಎಂದು ಯಾರು ಯಾರಿಗೆ ಹೇಳಿಯಾರು? ಸ್ಥಿರ ಬಂಡವಾಳ ಬೆಳೆ ಸರದಿಯನ್ನು ಕೊಂದಿತು. ಬೆಳೆ ಸರದಿ ಸತ್ತಲ್ಲಿ ಹುಳು ಹುಟ್ಟಿತು.

ಜಂತುಹುಳು ಎಂದಾಗ ಜನ ಮಕ್ಕಳ ಹೊಟ್ಟೆಯ ಹುಳುವನ್ನು ನೆನೆಯುತ್ತಾರೆ. ಕುಲ ಒಂದೇ. ಆದರೆ ಬೇರನ್ನು ಹಿಡಿಯುವ ಮರಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ, ಬರಿಗಣ್ಣಿಗೆ ಕಾಣದು. ಮೆಲೊಯ್ಡೊಗೈನ್ ಎಂಬುದು ಅದರ ಶಾಸ್ತ್ರೀಯ ಹೆಸರು. ಮೊಟ್ಟೆಯೊಡೆದು ಬಂದ ಮರಿ ಬೇರಿನ ತುದಿಯ ಹಿಂಭಾಗದಿಂದ ಒಳನುಗ್ಗಿ, ನೀರು-ಆಹಾರ ಸಾಗಿಸುವ ನಾಳಗಳ ಬಳಿ ಬೀಡುಬಿಡುತ್ತದೆ. ತನ್ನ ಸೂಜಿಯಂಥ ಬಾಯಿಯಿಂದ ಕೆಲವು ಕೋಶಗಳಿಗೆ ರಸ ಚುಚ್ಚುತ್ತದೆ. ಆ ಕೋಶಗಳು ದೈತ್ಯಾಕಾರವಾಗಿ ಉಬ್ಬಿ, ಗಿಡ ತನಗಾಗಿ ತಯಾರಿಸಿದ ಅನ್ನವನ್ನೆಲ್ಲ ಹುಳುವಿಗೆ ಉಣಬಡಿಸುವ ಅಡುಗೆಮನೆಗಳಾಗುತ್ತವೆ. ಹೆಣ್ಣುಹುಳು ಅಲ್ಲಿಂದ ಮತ್ತೆ ಅಲುಗುವುದಿಲ್ಲ. ಪೇರಲದ ಆಕಾರಕ್ಕೆ ಉಬ್ಬಿ, ಗಂಡಿನ ಸಹಾಯವಿಲ್ಲದೆಯೇ, ಅಂಟಿನ ಒಂದು ಚೀಲದಲ್ಲಿ ನೂರಾರು ಮೊಟ್ಟೆಯಿಡುತ್ತದೆ. ನಮ್ಮ ಕಡೆಯ ಮಣ್ಣಿನ ಬಿಸಿಗೆ ಇಡೀ ಜೀವನಚಕ್ರ ಸುಮಾರು ನಾಲ್ಕು ವಾರದಲ್ಲಿ ಮುಗಿಯುತ್ತದೆ. ಐದು ತಿಂಗಳ ಬೆಳೆಯಲ್ಲಿ ಎಷ್ಟು ತಲೆಮಾರು ಎಂದು ಲೆಕ್ಕ ಹಾಕಿದರೆ ಯಾವ ಬಡ್ಡಿ ವ್ಯಾಪಾರಿಯೂ ನಾಚಬೇಕು. ಹುಳು ಕೊರೆದ ಗಾಯದಿಂದ ಸೊರಗು ರೋಗದ ಶಿಲೀಂಧ್ರ, ಬ್ಯಾಕ್ಟೀರಿಯಾಗಳೂ ಒಳಹೋಗುತ್ತವೆ. ಕೊನೆಗೆ ಹೆಸರು ಬರುವುದು ಅವಕ್ಕೆ. ಬಾಗಿಲು ತೆರೆದವನು ಮಾತ್ರ ಅಜ್ಞಾತನಾಗಿಯೇ ಉಳಿಯುತ್ತಾನೆ. ನನ್ನ ಅಣ್ಣನ ಮಗ ಶಿಲೀಂಧ್ರನಾಶಕ ಸುರಿದದ್ದು ಇದೇ ಗೊಂದಲದಿಂದ.

ಇದೇನೂ ಹೊಸ ಪಿಡುಗಲ್ಲ. 1855ರಲ್ಲಿ ಇಂಗ್ಲೆಂಡಿನ ಪಾದ್ರಿ ಹಾಗೂ ಸಸ್ಯವಿಜ್ಞಾನಿ ಮೈಲ್ಸ್ ಬರ್ಕ್ಲಿ ಗಾಜಿನಮನೆಯ ಸೌತೆಯ ಬೇರಿನಲ್ಲಿ ಈ ಗಂಟುಗಳನ್ನು ಗುರುತಿಸಿದ್ದರು. ಭಾರತದಲ್ಲಿ ಇದರ ಮೊದಲ ದಾಖಲೆ 1901ರದು, ಸಿ.ಎ. ಬಾರ್ಬರ್ ಅವರು ನೀಲಗಿರಿಯ ದೇವಾಲದ ಚಹಾ ತೋಟದಲ್ಲಿ ಕಂಡದ್ದು. ಗಮನಿಸಿ, ಮೊದಲು ಸಿಕ್ಕಿದ್ದು ಗಾಜಿನಮನೆಯಲ್ಲಿ. ಮಣ್ಣನ್ನು ಮಾಡಿನ ಕೆಳಗೆ ಕೂಡಿಟ್ಟು, ಒಂದೇ ಬೆಳೆ ತೆಗೆಯುವ ಆಸೆಯೊಂದಿಗೆ ಈ ಹುಳುವಿನ ನಂಟು ಅಷ್ಟು ಹಳೆಯದು.

ದೇಶದ ಪ್ರಮುಖ ಬೆಳೆಗಳಲ್ಲಿ ಜಂತುಹುಳುಗಳಿಂದ ಶೇ 21.3ರಷ್ಟು, ಅಂದರೆ ವರ್ಷಕ್ಕೆ ಸುಮಾರು 10,200 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂದು ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತದೆ. ಟೊಮೆಟೊ ಒಂದರಲ್ಲೇ ನಷ್ಟ 600 ಕೋಟಿಗೆ ಮೇಲ್ಪಟ್ಟದ್ದು. ಇಂಥ ಅಂದಾಜುಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಪ್ರಯೋಗದ ತಾಕಿನ ನಷ್ಟವನ್ನು ಇಡೀ ದೇಶಕ್ಕೆ ಗುಣಿಸುವಾಗ ಎಷ್ಟೋ ಊಹೆಗಳು ಸೇರಿಕೊಳ್ಳುತ್ತವೆ. ಆದರೆ ಅರ್ಧದಷ್ಟೇ ನಿಜವೆಂದರೂ ಅದು ಚಿಕ್ಕ ಮೊತ್ತವಲ್ಲ. ಆನೆ ನುಗ್ಗಿ ಬೆಳೆ ತುಳಿದರೆ ಪರಿಹಾರವಿದೆ, ಆಲಿಕಲ್ಲು ಬಿದ್ದರೆ ಸಮೀಕ್ಷೆಯಿದೆ. ನೆಲದೊಳಗಿನ ಈ ಕಳವಿಗೆ ಪಂಚನಾಮೆ ಮಾಡುವವರೇ ಇಲ್ಲ.

ಇದಕ್ಕೆ ಮದ್ದಿರಲಿಲ್ಲವೇ? ಇತ್ತು. ಮದ್ದಿನ ಚರಿತ್ರೆ ಮಾತ್ರ ಹುಳುವಿನ ಚರಿತ್ರೆಗಿಂತ ಕಳವಳಕಾರಿ. ಡಿಬಿಸಿಪಿ ಎಂಬ ರಾಸಾಯನಿಕವನ್ನು ಒಂದು ಕಾಲಕ್ಕೆ ಜಗತ್ತಿನಾದ್ಯಂತ ನೆಲಕ್ಕೆ ಸುರಿದರು. ಅದನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಮಿಕರು ಸಂತಾನಶಕ್ತಿ ಕಳೆದುಕೊಂಡಿದ್ದಾರೆಂದು 1977ರಲ್ಲಿ ಗೊತ್ತಾಯಿತು. ಭಾರತ ಅದನ್ನು ನಿಷೇಧಿಸಿದ್ದು 1989ರಲ್ಲಿ. ಮಣ್ಣಿಗೆ ಹೊಗೆಯಂತೆ ಹಾಯಿಸುತ್ತಿದ್ದ ಮಿಥೈಲ್ ಬ್ರೋಮೈಡ್ ಓಜೋನ್ ಪದರವನ್ನೇ ತಿನ್ನುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಬೇಕಾಯಿತು. ನಮ್ಮ ರೈತರು ಕೈಯಿಂದಲೇ ಎರಚುತ್ತಿದ್ದ ಫೋರೇಟ್ ಹರಳುಗಳ ಬಳಕೆಯನ್ನು 2018ರ ಕೇಂದ್ರದ ಆದೇಶ 2020ರ ಡಿಸೆಂಬರ್ 31ರಿಂದ ನಿಲ್ಲಿಸಿತು. ಕಾರ್ಬೊಫ್ಯೂರಾನ್‌ನ 3 ಪ್ರತಿಶತದ ಹರಳಿನ ರೂಪವೊಂದನ್ನು ಬಿಟ್ಟು ಉಳಿದೆಲ್ಲ ರೂಪಗಳು 2023ರಲ್ಲಿ ಹೋದವು. ಫ್ಲುಯೊಪೈರಾಮ್‌ನಂಥ ಹೊಸ ಔಷಧಗಳು ಬಂದಿವೆ. ಇವು ಹಳೆಯವುಗಳಷ್ಟು ಕ್ರೂರವಲ್ಲ, ಆದರೆ ಬೆಲೆ ಸಣ್ಣ ರೈತನ ಕೈಗೆ ಭಾರ. ರೋಗನಿರೋಧಕ ಟೊಮೆಟೊ ತಳಿಗಳೂ ಉಂಟು. ಕಾಡು ಟೊಮೆಟೊವೊಂದರಿಂದ ತಂದ ಒಂದೇ ವಂಶವಾಹಿಯ ಮೇಲೆ ಅವುಗಳ ಬಲ ನಿಂತಿದೆ; ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಆ ಬಲ ಕುಗ್ಗುತ್ತದೆ. ಹಾವೇರಿಯ ಮಾರ್ಚ್ ತಿಂಗಳು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲದೆ ಬೀಜೋತ್ಪಾದಕನಿಗೆ ತಳಿಯ ಆಯ್ಕೆಯೇ ಇಲ್ಲ. ಕಂಪನಿ ಕೊಟ್ಟ ತಾಯಿಗಿಡವನ್ನೇ ಆತ ನೆಡಬೇಕು.

ಹಾಗಾದರೆ ಕೋಟ್ಯಂತರ ವರ್ಷಗಳಿಂದ ಈ ಹುಳುಗಳು ಭೂಮಿಯ ಮೇಲಿನ ಬೇರುಗಳನ್ನೆಲ್ಲ ತಿಂದು ಮುಗಿಸದೆ ಬಿಟ್ಟದ್ದೇಕೆ? ಈ ಪ್ರಶ್ನೆಗೆ ಒಂದು ಸೊಗಸಾದ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ, 1970ರ ದಶಕದಲ್ಲಿ. ಅಲ್ಲಿ ಬಾರ್ಲಿ, ಓಟ್ಸ್, ಗೋಧಿಗಳನ್ನು ಕಾಡುವ ಇನ್ನೊಂದು ಜಾತಿಯ ಜಂತುಹುಳುವಿದೆ. ಒಂದೇ ನೆಲದಲ್ಲಿ ವರ್ಷವರ್ಷವೂ ಅದೇ ಧಾನ್ಯ ಬೆಳೆದರೆ ಮೊದಲ ಕೆಲವು ವರ್ಷ ಹುಳು ಏರುತ್ತದೆ. ನಂತರ, ಯಾವ ಔಷಧವೂ ಇಲ್ಲದೆ, ಇಳಿಯತೊಡಗುತ್ತದೆ, ಇಳಿದಲ್ಲೇ ನಿಲ್ಲುತ್ತದೆ. ಬ್ರಯನ್ ಕೆರಿ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿದರು. ಮಣ್ಣಿಗೆ ಫಾರ್ಮಲಿನ್ ಸುರಿದು ನೋಡಿದಾಗ ಹುಳು ಕಡಿಮೆಯಾಗುವ ಬದಲು ಹೆಚ್ಚಾಯಿತು! ಫಾರ್ಮಲಿನ್ ಕೊಂದದ್ದು ಹುಳುವನ್ನಲ್ಲ, ಹುಳುವಿನ ಹೆಣ್ಣನ್ನೂ ಮೊಟ್ಟೆಯನ್ನೂ ತಿನ್ನುತ್ತಿದ್ದ ಶಿಲೀಂಧ್ರಗಳನ್ನು. ಅವುಗಳಲ್ಲೊಂದು ಇಂದು ಪೊಕೋನಿಯಾ ಎಂಬ ಹೆಸರಿನಲ್ಲಿ ನಮ್ಮ ಕೃಷಿ ಅಂಗಡಿಗಳಲ್ಲೂ ಸಿಗುತ್ತದೆ. ಆ ಪ್ರಯೋಗದ ವಿಷಯ ಓದಿದಾಗ ನಮ್ಮ ಪರದೆಯೊಳಗೆ ಎರಡು ಸಲ ಸುರಿದ ಕಾರ್ಬೆಂಡಾಜಿಮ್ ನೆನಪಾಗಿ ಕಸಿವಿಸಿಯಾಯಿತು. ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರಕ್ಕೆ ಅದು ನೇರ ವಿಷ. ಕಳ್ಳನನ್ನು ಹಿಡಿಯಲು ಹೋಗಿ ತಳವಾರನನ್ನೇ ಹೊಡೆದಂತೆ.

ಮಣ್ಣಿನ ಈ ತಳವಾರರ ಕಾರ್ಯವೈಖರಿ ಒಂದೇ ಬಗೆಯದಲ್ಲ. ಪೊಕೋನಿಯಾ ಮತ್ತು ಪ್ಯಾಸಿಲೋಮೈಸಿಸ್ ಶಿಲೀಂಧ್ರಗಳು ಮೊಟ್ಟೆಯ ಚಿಪ್ಪನ್ನು ತಮ್ಮ ಕಿಣ್ವಗಳಿಂದ ಕರಗಿಸಿ ಒಳಗಿನ ಭ್ರೂಣವನ್ನು ತಿನ್ನುತ್ತವೆ. ಎರಡನೆಯದನ್ನು 1970ರ ದಶಕದ ಕೊನೆಗೆ ಪೆರು ದೇಶದ ಆಲೂಗೆಡ್ಡೆ ಹೊಲದಲ್ಲಿ ಮೊಟ್ಟೆಗಳ ಮೇಲೆ ಕಂಡರು. 2011ರಲ್ಲಿ ವಿಜ್ಞಾನಿಗಳು ಅದರ ಹೆಸರು ಬದಲಿಸಿದರೂ ಪೊಟ್ಟಣದ ಮೇಲೆ ಹಳೆಯ ಹೆಸರೇ ಹೆಚ್ಚು ಚಾಲ್ತಿಯಲ್ಲಿದೆ. ಆರ್ತ್ರೊಬಾಟ್ರಿಸ್ ಎಂಬ ಶಿಲೀಂಧ್ರವಂತೂ ಬೇಡನಂತೆ ಅಂಟಿನ ಬಲೆ ಹೆಣೆದು ಜೀವಂತ ಹುಳುವನ್ನೇ ಹಿಡಿಯುತ್ತದೆ. ಹುಳುಗಳು ತಮ್ಮತಮ್ಮಲ್ಲಿ ಸಂದೇಶಕ್ಕಾಗಿ ಸೂಸುವ ರಾಸಾಯನಿಕದ ವಾಸನೆ ಹಿಡಿದೇ ಅದು ಬಲೆ ಹೂಡುತ್ತದೆಂದು ಇತ್ತೀಚಿನ ಸಂಶೋಧನೆಗಳು ತಿಳಿಸಿವೆ. ಪಾಸ್ಚೂರಿಯಾ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಓಡಾಡುವ ಮರಿಯ ಮೈಗೆ ಉತ್ತರಾಣಿಯಂತೆ ಅಂಟಿಕೊಂಡು ಬೇರಿನೊಳಗೂ ಜೊತೆಗೇ ಹೋಗುತ್ತವೆ. ಹುಳು ದೊಡ್ಡದಾಗುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ತುಂಬುವುದು ಮೊಟ್ಟೆಯಲ್ಲ, ಲಕ್ಷಗಟ್ಟಲೆ ಬೀಜಕ. ಎಲ್ಲಕ್ಕಿಂತ ಅಚ್ಚುಕಟ್ಟಾದ ಶತ್ರುವಿದು. ದುರದೃಷ್ಟವಶಾತ್ ಕಾರ್ಖಾನೆಯಲ್ಲಿ ಸುಲಭವಾಗಿ ಬೆಳೆಯದು. ಸೂಡೋಮೊನಾಸ್ ಬ್ಯಾಕ್ಟೀರಿಯಾ ಬೇರಿನ ಮೇಲ್ಮೈಯನ್ನು ಆಕ್ರಮಿಸಿ ಹುಳುವಿಗೆ ಸೇರದ ರಸಗಳನ್ನು ಸ್ರವಿಸುತ್ತದೆ, ಜೊತೆಗೆ ಗಿಡದ ಸ್ವಂತ ರಕ್ಷಣಾಶಕ್ತಿಯನ್ನು ಎಚ್ಚರಿಸುತ್ತದೆ.

ಈ ಕಥೆಯಲ್ಲಿ ಕರ್ನಾಟಕದ ಪಾಲು ನಾವು ತಿಳಿದದ್ದಕ್ಕಿಂತ ದೊಡ್ಡದು. 1979ರಷ್ಟು ಹಿಂದೆಯೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್, ಎ. ಮಂಜುನಾಥ್ ಮತ್ತು ಡಿ.ಡಿ.ಆರ್. ರೆಡ್ಡಿ ಟೊಮೆಟೊ ಬೇರಿನಲ್ಲಿ ನೆಲೆಸುವ ಮೈಕೊರೈಜಾ ಶಿಲೀಂಧ್ರ ಬೇರುಗಂಟುಗಳ ಸಂಖ್ಯೆಯನ್ನೂ ಗಾತ್ರವನ್ನೂ ಗಣನೀಯವಾಗಿ ತಗ್ಗಿಸುತ್ತದೆಂದು ತೋರಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಪಿ. ಪರ್ವತ ರೆಡ್ಡಿ, ನಂತರ ಎಂ.ಎಸ್. ರಾವ್ ಮತ್ತು ಅವರ ತಂಡ ಪೊಕೋನಿಯಾ, ಪ್ಯಾಸಿಲೋಮೈಸಿಸ್, ಟ್ರೈಕೋಡರ್ಮಾ, ಸೂಡೋಮೊನಾಸ್‌ಗಳನ್ನು ಪುಡಿ ರೂಪಕ್ಕೆ ತಂದು, ಅವುಗಳ ತಂತ್ರಜ್ಞಾನವನ್ನು ಅನೇಕ ತಯಾರಕರಿಗೆ ಪರವಾನಗಿ ಮೂಲಕ ಹಂಚಿತು. ವಿಜ್ಞಾನ ಹೆಸರಘಟ್ಟದಲ್ಲಿ ಹುಟ್ಟಿ ದಶಕಗಳೇ ಕಳೆದಿವೆ. ಕುಪ್ಪೇಲೂರಿನ ಅಂಗಡಿಯಲ್ಲಿ ಮಾತ್ರ ನನ್ನ ಅಣ್ಣನ ಮಗನಿಗೆ ಸಿಕ್ಕ ಸಲಹೆ ಕಾರ್ಬೆಂಡಾಜಿಮ್.

ನಾವು ಮಾಡಿದ್ದನ್ನು ಹೇಳುತ್ತೇನೆ. ಆ ಬೇಸಿಗೆಯಲ್ಲಿ ಬೆಳೆ ಕಿತ್ತು, ಬೇರುಗಳನ್ನೆಲ್ಲ ಆಯ್ದು ಸುಟ್ಟೆವು. ಕಿತ್ತ ಗಿಡಗಳನ್ನು ಬದುವಿಗೆ ಎಸೆಯುವುದೇ ಊರಿನ ರೂಢಿ. ಮೊದಲ ಮಳೆಗೆ ಅಲ್ಲಿನ ಮೊಟ್ಟೆಗಳೆಲ್ಲ ಪಕ್ಕದ ಹೊಲಕ್ಕೆ. ಏಪ್ರಿಲ್‌ನಲ್ಲಿ ನೆಲ ಹಸಿಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಆರು ವಾರ ಬಿಸಿಲಿಗೆ ಬಿಟ್ಟೆವು. ಆ ಬಿಸಿಗೆ ಒಳ್ಳೆಯ ಜೀವಿಗಳೂ ಸಾಯಬಹುದೆಂಬ ಅಳುಕಿತ್ತು. ಅದಕ್ಕಾಗಿಯೇ ಗೊಬ್ಬರದ ಮೂಲಕ ಅವನ್ನು ಮರಳಿ ಕೂರಿಸುವ ಕೆಲಸ. ಹೆಸರಘಟ್ಟದ ವಿಧಾನದಂತೆ ಒಂದು ಟನ್ ಕಳಿತ ತಿಪ್ಪೆಗೊಬ್ಬರಕ್ಕೆ ನೂರು ಕಿಲೋ ಬೇವಿನ ಹಿಂಡಿ, ತಲಾ ಎರಡು ಕಿಲೋ ಟ್ರೈಕೋಡರ್ಮಾ, ಸೂಡೋಮೊನಾಸ್, ಪ್ಯಾಸಿಲೋಮೈಸಿಸ್ ಬೆರೆಸಿ, ಬೇವಿನ ಮರದ ನೆರಳಲ್ಲಿ ಗೋಣಿಚೀಲ ಹೊದಿಸಿ, ಹದವಾಗಿ ನೀರು ಚಿಮುಕಿಸುತ್ತ ಹದಿನೈದು ದಿನ ಇಟ್ಟೆವು. ವಾರಕ್ಕೊಮ್ಮೆ ಮಗುಚುವುದು. ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಕಡ್ಡಾಯ ಮಾಡಿಸಿದೆ. ಪ್ಯಾಸಿಲೋಮೈಸಿಸ್ ಜಾತಿ ಅಪರೂಪಕ್ಕೆ ಮನುಷ್ಯರ ಕಣ್ಣಿಗೆ ಸೋಂಕು ತಂದ ವರದಿಗಳಿವೆ. ಜೈವಿಕ ಎಂದಮಾತ್ರಕ್ಕೆ ತೀರ್ಥವಲ್ಲ. ಸಸಿಗಳನ್ನು ಹೊರಗಿನಿಂದ ತರದೆ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಮನೆಯಲ್ಲೇ ಎಬ್ಬಿಸಿದೆವು. ಈ ಹುಳು ಬೀಜದ ಮೂಲಕ ಬರುವುದಿಲ್ಲ. ಬರುವುದು ಸಸಿಯ ಬೇರಿನಲ್ಲಿ, ಟ್ರ್ಯಾಕ್ಟರಿನ ನೇಗಿಲಿಗಂಟಿದ ಮಣ್ಣಿನಲ್ಲಿ, ಹರಿಯುವ ನೀರಿನಲ್ಲಿ.

ಈ ಗೊಬ್ಬರವನ್ನು ಪರದೆಯ ಅರ್ಧಕ್ಕೆ ಮಾತ್ರ ಹಾಕಬೇಕೆಂದು ನಾನು ಹಟ ಹಿಡಿದೆ. ಇನ್ನರ್ಧಕ್ಕೆ ಅವನ ಎಂದಿನ ಗೊಬ್ಬರ. ‘ಕಾಕಾ, ನಿಮಗ ಲೆಕ್ಕ ಬೇಕು, ನನಗ ಬೆಳಿ ಬೇಕ್ರಿ’ ಎಂದು ಅವನು ಬೇಸರಿಸಿದ್ದು ನಿಜ. ಕೊನೆಗೆ ಒಪ್ಪಿದ.

ಮೊದಲ ಎರಡು ತಿಂಗಳು ಎರಡೂ ಬದಿ ಒಂದೇ ರೀತಿ ಇದ್ದವು. ಮೂರನೆಯ ತಿಂಗಳಿಂದ ಬೇರೆಬೇರೆಯಾದವು. ಕೊಯ್ಲು ಮುಗಿದ ಮೇಲೆ ಎರಡೂ ಬದಿಯಿಂದ ಇಪ್ಪತ್ತಿಪ್ಪತ್ತು ಗಿಡ ಕಿತ್ತು, ಗಂಟಿನ ತೀವ್ರತೆಯನ್ನು ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಗುರುತು ಹಾಕಿದೆವು. ಹಳೆಯ ಪದ್ಧತಿಯ ಬದಿಯಲ್ಲಿ ಹೆಚ್ಚಿನವು ಮೂರು, ನಾಲ್ಕು. ಇನ್ನೊಂದು ಬದಿಯಲ್ಲಿ ಒಂದು, ಎರಡು. ಸೊನ್ನೆ ಎನ್ನಬಹುದಾದ ಗಿಡ ಬಹಳ ಕಡಿಮೆ. ಅಂದರೆ ಹುಳು ಹೋಗಿಲ್ಲ. ಗಿಡ ಮಾತ್ರ ತನ್ನ ಕೊನೆಯ ಹಣ್ಣಿನವರೆಗೆ ನಿಂತಿತು, ಬೀಜದ ತೂಕದಲ್ಲಿ ಆ ವ್ಯತ್ಯಾಸ ಕಂಡಿತು. ಇದನ್ನು ವಿಜ್ಞಾನವೆನ್ನಲಾರೆ. ಒಂದೇ ಹೊಲ, ಒಂದೇ ಹಂಗಾಮು. ಬೇವಿನ ಹಿಂಡಿ ತಾನೇ ಹುಳುವಿಗೆ ವಿರೋಧಿ. ಹೆಚ್ಚು ಗೊಬ್ಬರ ಹಾಕಿದ್ದರಿಂದಲೇ ಬೇರು ಗಟ್ಟಿಯಾಗಿರಬಹುದು. ಸೂಕ್ಷ್ಮಾಣುಗಳಿಗೆ ಎಷ್ಟು ಅಂಕ ಕೊಡಬೇಕೆಂದು ಬೇರ್ಪಡಿಸಿ ಹೇಳುವುದು ನಮ್ಮ ಪ್ರಯೋಗದಿಂದ ಸಾಧ್ಯವಿಲ್ಲ. ಆದರೆ ಸೇರಿದ ಒಟ್ಟು ಖರ್ಚು, ಹಿಂದಿನ ಹಂಗಾಮಿನ ಔಷಧದ ಬಿಲ್ಲಿಗಿಂತ ಹೆಚ್ಚಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಖಾಂತ ಕಥೆಯಾಗುತ್ತಿತ್ತು. ಆದರೆ ಪುಡಿಯ ಪೊಟ್ಟಣಗಳನ್ನು ಕೊಳ್ಳುವಾಗ ನನ್ನ ಕೈ ತಡೆದದ್ದಕ್ಕೆ ಒಂದು ಹಳೆಯ ಕಾರಣವಿದೆ. ಹಿಂದೆ ಒಂದು ಜಿಲ್ಲೆಯಲ್ಲಿದ್ದಾಗ ರೈತರಿಗೆ ರಿಯಾಯಿತಿ ದರದಲ್ಲಿ ಹಂಚಲು ಇಂಥದೇ ಜೈವಿಕ ಪೊಟ್ಟಣಗಳ ಖರೀದಿ ಕಡತ ನನ್ನ ಮುಂದೆ ಬಂದಿತ್ತು. ಅತಿ ಕಡಿಮೆ ದರ ಹಾಕಿದವರಿಗೆ ಮಂಜೂರು ಮಾಡಿದೆ. ನಿಯಮ ಅದೇ ಹೇಳುತ್ತದೆ. ಆರ್ಥಿಕ ವರ್ಷ ಮುಗಿಯುವ ಮುನ್ನ, ಮಾರ್ಚ್‌ನಲ್ಲಿ, ಸರಕು ಬಂತು. ಬಿತ್ತನೆ ಜೂನ್‌ನಲ್ಲಿ. ಅಲ್ಲಿಯವರೆಗೆ ಪೊಟ್ಟಣಗಳು ತಗಡಿನ ಸೂರಿನ ಗೋದಾಮಿನಲ್ಲಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಂದವು. ಜುಲೈನಲ್ಲಿ ನಾವು ರೈತರಿಗೆ ಹಂಚಿದ್ದು ಬಹುಶಃ ಸತ್ತ ಸೂಕ್ಷ್ಮಾಣುಗಳನ್ನು ಹೊತ್ತ ಸುಣ್ಣದಂಥ ಪುಡಿ. ಹಣ ಪೂರ್ತಿ ಖರ್ಚಾಗಿತ್ತು, ಗುರಿ ಮುಟ್ಟಿತ್ತು, ಲೆಕ್ಕಪರಿಶೋಧನೆಯಲ್ಲಿ ಒಂದು ಆಕ್ಷೇಪವೂ ಬರಲಿಲ್ಲ. ಮರುವರ್ಷ ಒಬ್ಬ ರೈತ ಕಚೇರಿಗೆ ಬಂದು, ‘ಸಾಹೇಬ್ರ, ಆ ಬಿಳೇ ಪುಡಿ ಹಾಕಿದ್ದಕ್ಕ ಏನೂ ಆಗ್ಲಿಲ್ರಿ’ ಎಂದಾಗ ಹಾಕುವ ಕ್ರಮ ತಪ್ಪಿರಬೇಕೆಂದು ಅವನಿಗೇ ಉಪದೇಶ ಮಾಡಿ ಕಳಿಸಿದ್ದೆ. ಆ ಮುಖ ಇಂದೂ ಕಣ್ಣಮುಂದಿದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಪ್ರಸಿದ್ಧ ವಿವರಣೆಯಿದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಹಳೆ ಕಾರುಗಳ ಮಾರುಕಟ್ಟೆಯ ಪ್ರಬಂಧ ನಮ್ಮ ಎಂ.ಎ. ತರಗತಿಯಲ್ಲಿ ಪಾಠವಾಗಿತ್ತು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ; ಹೀಗಿದ್ದಾಗ ಕೊಳ್ಳುವವನು ಸರಾಸರಿ ಬೆಲೆಯಷ್ಟೇ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯ ಸರಕು ಮಾರಲು ಕಟ್ಟದು, ಕೊನೆಗೆ ಉಳಿಯುವುದು ಕೆಟ್ಟದ್ದು ಮಾತ್ರ. ಟ್ರೈಕೋಡರ್ಮಾ ಪುಡಿಯ ಒಂದು ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ, ಸೂಡೋಮೊನಾಸ್ ಪುಡಿಯ ಗ್ರಾಮಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕೆಂಬುದು ನೋಂದಣಿಯ ಷರತ್ತು. ಹೊಲದ ಬದುವಿನಲ್ಲಿ ನಿಂತು ಅದನ್ನು ಎಣಿಸುವವರು ಯಾರು? ರಾಸಾಯನಿಕ ಸುಳ್ಳಾದರೆ ಹುಳು ಸಾಯದೆ ಮರುದಿನವೇ ಗೊತ್ತಾಗುತ್ತದೆ. ಜೈವಿಕ ಪುಡಿ ಸುಳ್ಳಾದರೆ ನಾಲ್ಕು ತಿಂಗಳ ನಂತರ, ಬೇರು ಕಿತ್ತಾಗ ಗೊತ್ತಾಗುತ್ತದೆ. ಆಗಲೂ ತಪ್ಪು ಮಳೆಯದೋ ಮಣ್ಣಿನದೋ ಎಂಬ ಅನುಮಾನ ಉಳಿಯುತ್ತದೆ. ಈ ಅನುಮಾನದ ನೆರಳಲ್ಲೇ ಕಳಪೆ ವ್ಯಾಪಾರ ಬೆಳೆಯುವುದು.

ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕೀಟನಾಶಕ ಕಾಯ್ದೆಯಡಿ ಮಾದರಿ ತೆಗೆಯುವ ಅಧಿಕಾರ ಈಗಲೂ ಇದೆ; ತಯಾರಕರ ಬಾಗಿಲಿನಲ್ಲಿ ತೆಗೆದರೆ ಸಾಲದು, ಅಂಗಡಿಯ ಕಪಾಟಿನಲ್ಲಿ, ಮೇ ತಿಂಗಳಲ್ಲಿ ತೆಗೆಯಬೇಕು. ಖರೀದಿಯ ವೇಳಾಪಟ್ಟಿ ಹಣಕಾಸು ಇಲಾಖೆಯ ಮಾರ್ಚ್‌ಗೆ ಹೊಂದದೆ ಮೃಗಶಿರ ಮಳೆಗೆ ಹೊಂದಬೇಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ತಾಲ್ಲೂಕಿನಲ್ಲೇ ಇದೆ, ದೇವಿಹೊಸೂರಿನಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯದ ನೆಲೆಯಿದೆ. ಇಂಥ ಕಡೆ ತಾಜಾ ತಾಯಿಕಲ್ಚರ್ ತಯಾರಿಸಿ, ರೈತರ ಗುಂಪುಗಳೇ ತಿಪ್ಪೆಯಲ್ಲಿ ಬೆಳೆಸಿಕೊಳ್ಳುವಂತೆ ಮಾಡಿದರೆ ಪೊಟ್ಟಣ ಸಾವಿರ ಮೈಲಿ ಲಾರಿಯಲ್ಲಿ ಬೇಯಬೇಕಾಗಿಲ್ಲ. ಸಸಿ ಮಾರುವ ನರ್ಸರಿಗಳ ಬೇರು ಪರೀಕ್ಷೆಯಂತೂ ತುರ್ತಾಗಿ ಆಗಬೇಕಾದದ್ದು. ಒಂದು ರೋಗಗ್ರಸ್ತ ಟ್ರೇ ಹತ್ತು ಹೊಲಗಳಿಗೆ ಹುಳು ಹಂಚುತ್ತದೆ.

ಇನ್ನು ಮಣ್ಣು ಪರೀಕ್ಷೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಸತು, ಬೋರಾನ್‌ವರೆಗೆ, ರಸಸಾರ, ಲವಣಾಂಶ, ಸಾವಯವ ಇಂಗಾಲ. ಅದರಲ್ಲಿ ಒಂದು ಜೀವಿಯ ಹೆಸರೂ ಇಲ್ಲ, ಉಪಕಾರಿಯದೂ ಇಲ್ಲ, ಅಪಕಾರಿಯದೂ ಇಲ್ಲ. ಆಸ್ಪತ್ರೆಗೆ ಹೋದವನ ರಕ್ತದ ಉಪ್ಪು, ಸಕ್ಕರೆ ಮಾತ್ರ ಅಳೆದು ಸೋಂಕಿದೆಯೇ ಎಂದು ನೋಡದೆ ಕಳಿಸಿದಂತೆ. ಕಾಲು ಲೀಟರ್ ಮಣ್ಣಿನಲ್ಲಿರುವ ಹುಳುಗಳನ್ನು ಜರಡಿಯಲ್ಲಿ ಸೋಸಿ, ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗೆ ಎಣಿಸಬಹುದು. ಇದಕ್ಕೆ ಕೋಟಿಗಳ ಯಂತ್ರ ಬೇಕಿಲ್ಲ, ತರಬೇತಾದ ಒಬ್ಬ ಹುಡುಗಿ ಅಥವಾ ಹುಡುಗ ಸಾಕು. ಪರದೆ ಮನೆಗಳಿಗೆ ಸಹಾಯಧನ ಕೊಡುವ ಮೊದಲು ಇಂಥ ಒಂದು ಎಣಿಕೆ ಕಡ್ಡಾಯವಾಗಿದ್ದರೆ, ಹುಳು ತುಂಬಿದ ನೆಲದ ಮೇಲೆ ಸರ್ಕಾರದ ಹಣದಲ್ಲೇ ಪರದೆ ಕಟ್ಟುವ ವಿಪರ್ಯಾಸವಾದರೂ ತಪ್ಪುತ್ತಿತ್ತು.

ರೋಥಮ್‌ಸ್ಟೆಡ್‌ನ ಮಣ್ಣು ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಕೆಲವು ವರ್ಷ ತೆಗೆದುಕೊಂಡಿತು. ಆ ವರ್ಷಗಳ ನಷ್ಟವನ್ನು ಅಲ್ಲಿ ಒಂದು ಸಂಶೋಧನಾ ಕೇಂದ್ರ ಭರಿಸಿತು. ಇಲ್ಲಿ ಬ್ಯಾಂಕಿನ ಕಂತು ಕಾಯುವುದಿಲ್ಲ. ಈ ಅಂತರವನ್ನು ದಾಟಿಸುವುದಕ್ಕೇ ಗೊಬ್ಬರ, ಪುಡಿ, ಹಿಂಡಿ, ಬಿಸಿಲು ಎಲ್ಲವೂ.

ಮೊನ್ನೆ ಫೋನ್ ಮಾಡಿದಾಗ ಅಣ್ಣನ ಮಗ ಈ ಸಲ ಪರದೆಯ ಅರ್ಧದಲ್ಲಿ ಬೀಜದ ಬೆಳೆ ಬಿಟ್ಟು ಚೆಂಡುಹೂ ಹಾಕಿರುವುದಾಗಿ ಹೇಳಿದ. ಚೆಂಡುಹೂವಿನ ಬೇರು ಹುಳುವಿಗೆ ವಿಷವೆಂದು ಹನುಮನಮಟ್ಟಿಗೆ ಹೋದಾಗ ಕೇಳಿಬಂದನಂತೆ. ದಸರೆ-ದೀಪಾವಳಿಗೆ ಹೂವಿಗೂ ಬೆಲೆ ಬರುತ್ತದೆಂಬ ಲೆಕ್ಕ ಅವನದೇ. ಕಂಪನಿಯವರು ಅಸಮಾಧಾನಗೊಂಡಿದ್ದಾರೆ, ಕಂತಿಗೆ ಹೇಗೋ ಹೊಂದಿಸಬೇಕು ಎಂದ. ಪಕ್ಕದ ಹೊಲದವರು ಹಳೆಯ ಗಿಡಗಳನ್ನು ಕಿತ್ತು ಮತ್ತೆ ನಮ್ಮ ಬದುವಿಗೇ ಒಟ್ಟಿದ್ದಾರಂತೆ. ಹೋಗಿ ಮಾತಾಡು ಎಂದೆ. ‘ನೀವೇ ಬಂದು ಮಾತಾಡ್ರಿ ಕಾಕಾ, ನನ್ನ ಮಾತು ಕೇಳೂದಿಲ್ಲ ಅವರು’ ಎಂದ. ಬರುವ ಭಾನುವಾರ ರಾಣೆಬೆನ್ನೂರಿನ ರೈಲು ಹಿಡಿಯಬೇಕು.